ಘಟ್ಟ ಹತ್ತಬಾರದ ಹದಿನೆಂಟು ತಾಸು

ಬನಹಟ್ಟಿಯ ಸೋಮಲಿಂಗನ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ನಾಲ್ಕು ಪವರ್‌ಲೂಮುಗಳು ಬೆಳಗಿನಿಂದ ಸಂಜೆಯವರೆಗೆ ಬಡಿಯುವ ಮನೆಯಲ್ಲಿ ಮೆಲ್ಲಗೆ ಆಡಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಆ ಮನೆಯ ಹಿರಿಮಗಳು ಉಜ್ವಲಾ ಮಾತೇ ಆಡಲಾಗದ ಜಾಗವೊಂದನ್ನು ಹುಡುಕಿಕೊಂಡು ಹೋಗಿ ಅಲ್ಲಿ ಅನ್ನ ಕಂಡುಕೊಂಡಳು. ಮುರ್ಡೇಶ್ವರದ ಹತ್ತಿರ ಒಂದು ಡೈವಿಂಗ್ ಶಾಲೆಯಲ್ಲಿ ಅವಳು ಬಂದವರಿಗೆ ಸ್ಕೂಬಾ ಕಲಿಸುತ್ತಿದ್ದಳು.

ಅವಳಿಗೆ ಈಜು ಕಲಿಸಿದವಳು ತಾಯಿ ಕಸ್ತೂರೆವ್ವ. ತವರೂರು ತೇರದಾಳದ ಹೊಲದ ಬಾವಿಯಲ್ಲಿ, ಎಂಟು ವರ್ಷದ ಮಗಳ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟಿದ್ದಳು. ಮುಂದೆ ಉಜ್ವಲಾ ಜಮಖಂಡಿಯಲ್ಲಿ ಬಿ.ಎಸ್ಸಿ. ಮಾಡಿದಳು. ಎರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿದಳು. ಆಮೇಲೆ ಡೈವಿಂಗ್ ಶಾಲೆಯ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆಂದು ಹೋದವಳು ಮೂರು ವರ್ಷದಲ್ಲಿ ನೀರಿಗೆ ಇಳಿಸುವವಳಾದಳು. ಆಗ ಅವಳಿಗೆ ಇಪ್ಪತ್ತೆಂಟು.

ಊರಿಗೆ ಬಂದಾಗಲೆಲ್ಲ ತಂದೆ ಕೇಳುತ್ತಿದ್ದ, ಅಷ್ಟು ಆಳದಲ್ಲಿ ಮನುಷ್ಯನಿಗೆ ಏನೂ ಆಗುವುದಿಲ್ಲವೇ ಎಂದು. ಅವಳು ಅವನಿಗೆ ಗೊತ್ತಿದ್ದ ನೂಲಿನ ಹೋಲಿಕೆ ಕೊಟ್ಟೇ ಉತ್ತರ ಹೇಳುತ್ತಿದ್ದಳು.

"ಅಪ್ಪಾ, ಹತ್ತು ಮೀಟರ್ ನೀರಂದ್ರ ಈ ಮ್ಯಾಲಿನ ಇಡೀ ಗಾಳಿ ಎಷ್ಟು ಭಾರ ಐತಿ, ಅಷ್ಟು ಭಾರ. ಮೂವತ್ತು ಮೀಟರ್ ಇಳದ್ರ ಮೈಮ್ಯಾಲ ನಾಕಪಟ್ಟು ಒತ್ತಡ. ಒಂದೊಂದು ಉಸಿರಿನ್ಯಾಗ ನಾಕಪಟ್ಟು ಗಾಳಿ ಒಳಗ ಹೋಗತೈತಿ. ಸಿಲಿಂಡರ್ ನಾಕಪಟ್ಟು ಲಗೂ ತೀರತೈತಿ."

"ಹೋದ ಗಾಳಿ ಹೊರಗ ಬರತೈತಲ್ಲ?"

"ಗಾಳ್ಯಾಗ ಸಾರಜನಕ ಅಂತ ಒಂದ ಐತಿ. ಅದು ರಗತದಾಗ, ಮಾಂಸದಾಗ ನೆನ್ಕೊಂತ ಹೋಗತೈತಿ, ನಮ್ಮ ನೂಲು ಗಂಜ್ಯಾಗ ನೆಂದಂಗ. ತೆಳು ನೂಲು ಲಗೂ ನೆಂದು ಲಗೂ ಆರತೈತಿ. ನೂಲಿನ ದಪ್ಪ ಲಡಿ ನಿಧಾನ ನೆನಿತೈತಿ, ಆರೂದೂ ನಿಧಾನ. ಮೈಯಾಗ ಎರಡೂ ಥರಾ ಅದಾವು. ಅದಕ್ಕ ಮೆಲ್ಲಕ ಮ್ಯಾಲ ಬರಬೇಕು. ಐದು ಮೀಟರಿನ್ಯಾಗ ಮೂರು ನಿಮಿಷ ನಿಂದರಬೇಕು."

"ಲಗೂನ ಬಂದ್ರ?"

"ಸೋಡಾ ಬಾಟಲಿ ಒಮ್ಮಿಗೇ ತಗದ್ರ ಏನಾಗತೈತಿ? ಹಂಗ. ಗುಳ್ಳಿ ಏಳತಾವು. ಕೀಲಿನ್ಯಾಗ ಎದ್ರ ನೋವು. ಬೆನ್ನುಹುರಿಯಾಗ ಎದ್ರ ಕಾಲು ಹೋಗತಾವು."

ಸೋಮಲಿಂಗ ಮುಂದೆ ಕೇಳುತ್ತಿರಲಿಲ್ಲ. ತಮ್ಮ ವೀರೇಶ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದ. ಅವಳಿಗಿಂತ ಐದು ವರ್ಷ ಚಿಕ್ಕವನು. ಮಗ್ಗಗಳನ್ನು ನಡೆಸುತ್ತಿದ್ದವನು ಅವನೇ. ಒಂದು ಚಳಿಗಾಲ ಹೋಗಿ ಅಕ್ಕನ ಕೈಯಲ್ಲೇ ಮೊದಲ ಕೋರ್ಸು ಮುಗಿಸಿ ಹದಿನೆಂಟು ಮೀಟರ್‌ವರೆಗೆ ಇಳಿದು ಬಂದಿದ್ದ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಹೋದ. ಈ ಸಲ ಮೂವತ್ತು ಮೀಟರ್.

ಮೂರನೆಯ ದಿನ ಬೆಳಿಗ್ಗೆ ದೋಣಿಯಲ್ಲಿ ಅವನಿಗೆ ಅಲೆಯ ಹೊಯ್ದಾಟಕ್ಕೆ ಎರಡು ಸಲ ವಾಂತಿಯಾಯಿತು. ಆದರೂ ಇಳಿಯುತ್ತೇನೆಂದ. ಮೂವತ್ತು ಮೀಟರ್‌ನಲ್ಲಿ ಬಂಡೆಯ ಮಗ್ಗುಲಿಗೆ ನಿಂತು ಉಜ್ವಲಾ ಸ್ಲೇಟಿನ ಮೇಲೆ "17 + 8?" ಎಂದು ಬರೆದು ಅವನ ಮುಂದೆ ಹಿಡಿದಳು. ಅವನು ಬಹಳ ಹೊತ್ತು ನೋಡಿ, ಪೆನ್ಸಿಲು ತೆಗೆದುಕೊಂಡು "ಹೂಂ" ಎಂದು ಬರೆದ. ಅವನ ಕಣ್ಣುಗಳು ನಗುತ್ತಿದ್ದವು. ಆಳದಲ್ಲಿ ಅದೇ ಸಾರಜನಕ ತಲೆಗೆ ಏರಿಸುವ ಮಂಪರು ಅದು. ಅವಳು ಅವನ ತೋಳು ಹಿಡಿದು ಏಳೆಂಟು ಮೀಟರ್ ಮೇಲಕ್ಕೆ ತಂದಳು. ಅಲ್ಲಿ ಅವನೇ ಸ್ಲೇಟು ಕಸಿದುಕೊಂಡು "25" ಎಂದು ಬರೆದು ನಾಚಿಕೊಂಡ.

ಎರಡನೆಯ ಸಲ ಇಳಿದದ್ದು ಇಪ್ಪತ್ತೆರಡು ಮೀಟರ್. ಅವನು ಗಾಳಿಯನ್ನು ಬಡಬಡ ಎಳೆಯುತ್ತಿದ್ದ. ಬರುವಾಗ ಸಿಲಿಂಡರ್ ಬಹುತೇಕ ಖಾಲಿ. ಗಾಳಿಗೂ ತೂಕವಿದೆ, ಖಾಲಿಯಾದ ಸಿಲಿಂಡರ್ ಹಗುರವಾಗಿ ಮನುಷ್ಯನನ್ನು ಮೇಲಕ್ಕೆ ಎತ್ತುತ್ತದೆ. ಅವಳು ಅವನ ಸೊಂಟಕ್ಕೆ ಇನ್ನೊಂದು ಸೀಸದ ತುಂಡು ಕಟ್ಟಬೇಕಿತ್ತು, ಕಟ್ಟಿರಲಿಲ್ಲ. ಎಂಟು ಮೀಟರ್‌ನಲ್ಲಿ ಅವನು ಅವಳ ಕೈಯಿಂದ ಜಾರಿ ಏರತೊಡಗಿದ. ಉಸಿರು ಕಟ್ಟಬೇಡ ಎಂದು ಅವಳು ಸನ್ನೆ ಮಾಡಿದಳು. ಅವನು ಉಸಿರನ್ನೇನೋ ಬಿಡುತ್ತಲೇ ಹೋದ, ಆದರೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಅವಳು ಐದು ಮೀಟರ್‌ನಲ್ಲಿ ತನ್ನ ಮೂರು ನಿಮಿಷ ಮುಗಿಸಿ ಬಂದಾಗ ಅವನು ದೋಣಿಯ ಏಣಿ ಹಿಡಿದು ನಗುತ್ತಿದ್ದ. ಆಗ ಹನ್ನೊಂದೂವರೆ.

"ಇವತ್ತ ಇನ್ನ ನೀರು ಬ್ಯಾಡ," ಎಂದಳು. "ನೀರು ಕುಡಿ, ಮಕ್ಕೋ. ನಾಳೆ ಮಧ್ಯಾಹ್ನದತನಾ ಘಟ್ಟ ಹತ್ತಾಂಗಿಲ್ಲ."

ಈ ಕೊನೆಯ ಮಾತು ಅವಳು ಬಂದವರಿಗೆಲ್ಲ ಹೇಳುವಂಥದ್ದೇ. ನೆನೆದ ಲಡಿ ಆರುವುದಕ್ಕೆ ಹೊತ್ತು ಬೇಕು. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ. ನೀರಿನಿಂದ ಮೇಲೆ ಬಂದ ಮೈಗೆ ಘಟ್ಟ ಹತ್ತುವುದೆಂದರೆ ಇನ್ನಷ್ಟು ಮೇಲೆ ಬಂದಂತೆಯೇ. ಹಲವು ಸಲ ಇಳಿದವರು ಹದಿನೆಂಟು ತಾಸು ಕಾಯಬೇಕೆಂಬುದು ಅವಳ ಶಾಲೆಯ ನಿಯಮ. ವಿಮಾನಕ್ಕೆ ಹೇಳುವ ಲೆಕ್ಕ ಅದು. ಘಟ್ಟದಾಚೆಯ ಊರುಗಳಿಂದ ಜನ ಬರುವ ಶಾಲೆ, ಆದ್ದರಿಂದ ಅಲ್ಲಿ ಘಟ್ಟಕ್ಕೂ ಅದನ್ನೇ ಇಟ್ಟುಕೊಂಡಿದ್ದರು. ನಿಲ್ಲದೆ ಮೇಲೆ ಬಂದವನೆಂದು ತಮ್ಮನಿಗೆ ಅವಳು ಇನ್ನೂ ಆರು ತಾಸು ಸೇರಿಸಿ ಹೇಳಿದ್ದಳು.

ನಾಲ್ಕು ಗಂಟೆಗೆ ತಂದೆಯ ಫೋನ್ ಬಂತು.

"ನಿಮ್ಮವ್ವಗ ಎದಿನೋವು ಬಂದೈತಿ. ಜಮಖಂಡ್ಯಾಗ ದವಾಖಾನಿಗೆ ಹಾಕೇವಿ. ಇಪ್ಪತ್ನಾಕ ತಾಸು ಏನೂ ಹೇಳಾಕ ಆಗೂದಿಲ್ಲ ಅಂದಾರ. ಇಬ್ಬರೂ ಬರ್ರಿ. ಲಗೂನ ಬರ್ರಿ." ಅಷ್ಟು ಹೇಳಿ ಸೋಮಲಿಂಗ ಅತ್ತ. ತಂದೆ ಅತ್ತದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ವೀರೇಶ ಆಗಲೇ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ.

"ನಾ ಹೋಗತೇನಿ. ನೀ ನಾಳೆ ಮಧ್ಯಾಹ್ನ ಬಾ," ಎಂದಳು ಉಜ್ವಲಾ.

"ನೀನೂ ಇಳದೀಯಲ್ಲ?"

"ನಾ ನಿಂತು ಬಂದೇನಿ. ನೀ ನಿಂತಿಲ್ಲ."

"ಅಕ್ಕಾ, ಆಕಿ ನನಗೂ ಅವ್ವನ. ನಾಳೆ ಬಂದು ಏನ ನೋಡ್ಲಿ ನಾ?"

ಅವಳು ಅವನ ಎದುರಿಗೆ ಕೂತಳು. "ಮೈಯಾಗ ಏನರ ಆಗಾಕತ್ತೈತೇನು? ನೋವು, ಜೋಮು, ತುರಿಕಿ? ಖರೇ ಹೇಳು."

"ಏನೂ ಇಲ್ಲ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ರಾತ್ರಿ ಬಸ್ಸು ಘಟ್ಟ ಹತ್ತುವಾಗ ಎಂಟೊಂಬತ್ತು ತಾಸು ಆಗಿರುತ್ತದೆ. ಘಟ್ಟ ಬರೀ ಆರುನೂರು ಮೀಟರ್, ವಿಮಾನದಷ್ಟು ಎತ್ತರವಲ್ಲ. ನೂರು ಜನರಲ್ಲಿ ತೊಂಬತ್ತೊಂಬತ್ತು ಜನರಿಗೆ ಏನೂ ಆಗುವುದಿಲ್ಲ. ಇವು ಒಂದೊಂದೂ ನಿಜವೇ. ಆದರೆ ಬೇರೆ ಯಾರಾದರೂ ತನ್ನ ಮುಂದೆ ನಿಂತು ಇದೇ ಲೆಕ್ಕ ಒಪ್ಪಿಸಿದ್ದರೆ ಅವರ ಬ್ಯಾಗು ಕಸಿದಿಡುತ್ತಿದ್ದಳು, ಅದೂ ಅವಳಿಗೆ ಗೊತ್ತಿತ್ತು. ಶಾಲೆಯ ಮಾಲೀಕರು ನಾಳೆಯವರೆಗೆ ನಿಲ್ಲಿರೆಂದರು. ತಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದ.

"ನಡಿ," ಎಂದಳು.

ಕುಮಟೆಯಲ್ಲಿ ವೀರೇಶ ಒಂದು ಚಿಪ್ಸ್ ಪೊಟ್ಟಣ ಕೊಂಡ, ತಿನ್ನಲಿಲ್ಲ. ಬಸ್ಸು ಘಟ್ಟ ಹತ್ತಿ ಶಿರಸಿ ಮುಟ್ಟಿದಾಗ ಅವನ ತೊಡೆಯ ಮೇಲಿನ ಆ ಪೊಟ್ಟಣ ಉಬ್ಬಿ ಬಿಗಿಯಾಗಿತ್ತು. ಉಜ್ವಲಾ ಅದನ್ನು ಬೆರಳಿಂದ ಒತ್ತಿ ನೋಡಿದಳು. ಹೊರಗಿನ ಗಾಳಿ ನೂರರಲ್ಲಿ ಏಳು ಪಾಲು ಕಡಿಮೆಯಾಗಿದೆ. ಅವನ ಕಡೆ ನೋಡಿದಳು. ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ.

ಬೆಳಗು ಹರಿಯುವಾಗ ಬಸ್ಸು ಮುಧೋಳದ ನಿಲ್ದಾಣದಲ್ಲಿ ನಿಂತಿತ್ತು. ವೀರೇಶ ಎದ್ದು ಕೂತು ತೊಡೆ ತಿಕ್ಕಿಕೊಳ್ಳುತ್ತಿದ್ದ.

"ಕಾಲು ಜೋಮು ಹಿಡದಾವು. ಕುಂತ ಕುಂತ ಹಿಂಗಾಗೈತಿ."

"ಎದ್ದು ನಿಂದರು ನೋಡೂಣು."

ಅವನು ಮುಂದಿನ ಸೀಟು ಹಿಡಿದು ಎದ್ದ. ಎಡಗಾಲು ಮಡಚಿತು. ಎರಡು ಸೀಟುಗಳ ನಡುವೆ ಬಿದ್ದವನನ್ನು ಕಂಡಕ್ಟರ್ ಎತ್ತಿ ಕೂರಿಸಿದ. ಉಚ್ಚೆಗೆ ಹೋಗಬೇಕು ಅನ್ನಿಸುತ್ತಿದೆ, ಆದರೆ ಬರುತ್ತಿಲ್ಲ ಎಂದು ಅವನು ನಾಚಿಕೆಯಿಂದ ಹೇಳಿದ. ಉಜ್ವಲಾ ತಲೆಯ ಪಿನ್ನು ತೆಗೆದು ಅವನ ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದಳು. ಮೊಣಕಾಲು. ತೊಡೆ. ಹೊಕ್ಕುಳ ಹತ್ತಿರ ಬಂದಾಗ ಅವನು "ಹಾ, ಇಲ್ಲಿ ತಿಳಿತೈತಿ" ಎಂದ. ಅವಳು ಪಿನ್ನನ್ನು ಅಲ್ಲೇ ಹಿಡಿದು ಗಡಿಯಾರ ನೋಡಿದಳು.

"ಏನಾತ ಅಕ್ಕಾ?"

"ಗುಳ್ಳಿ ಎದ್ದಾವು," ಎಂದಳು. ಅವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಅವಳೇ ಕಲಿಸಿದ್ದಳು.

ಜಮಖಂಡಿಯ ದವಾಖಾನೆಯ ಬಾಗಿಲಲ್ಲಿ ಸೋಮಲಿಂಗ ನಿಂತಿದ್ದ. ಮಗಳನ್ನು ಕಂಡು ಅವನ ಮುಖ ಅರಳಿತು. "ಪಾರಾದ್ಲು ನಿಮ್ಮವ್ವ. ರಾತ್ರಿನ ಎದ್ದು ಮಾತಾಡಿದ್ಲು. ನಿನಗ ಎಷ್ಟ ಸಲ ಫೋನ್ ಹಚ್ಚಿದ್ನಿ, ಹತ್ತಲಿಲ್ಲ." ಆಮೇಲೆ ಅವನು ಅವಳ ಹಿಂದೆ ನೋಡಿದ. ಕಂಡಕ್ಟರ್ ವೀರೇಶನನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಕಾಲುಗಳು ಒಣಹಾಕಿದ ಬಟ್ಟೆಯಂತೆ ಜೋತಾಡುತ್ತಿದ್ದವು.

ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಅಕ್ಷತಾ ಇನ್ನೂ ಚಿಕ್ಕ ವಯಸ್ಸಿನವಳು. ಬೆನ್ನು ತಟ್ಟಿ ನೋಡಿ, ಮಂಡಿಯ ಮೇಲೆ ಸುತ್ತಿಗೆ ಬಡಿದು, ಡಿಸ್ಕ್ ಜಾರಿರಬಹುದು, ಎಂ.ಆರ್.ಐ. ಬೇಕು ಎಂದಳು. ಉಜ್ವಲಾ ಒಂದೇ ಉಸಿರಿನಲ್ಲಿ ಹೇಳಿದಳು: ನಿನ್ನೆ ಇಷ್ಟು ಆಳ, ಇಷ್ಟು ನಿಮಿಷ, ಇಲ್ಲಿ ನಿಲ್ಲಲಿಲ್ಲ, ಇಷ್ಟು ಹೊತ್ತಿಗೆ ಘಟ್ಟ ಹತ್ತಿದೆವು.

"ನಾ ಇದನ್ನ ಪುಸ್ತಕದಾಗ ಒಂದು ಪುಟ ಓದೇನ್ರಿ, ಕೇಸ್ ನೋಡಿಲ್ಲ," ಎಂದಳು ಡಾಕ್ಟರ್, ಮುಚ್ಚುಮರೆಯಿಲ್ಲದೆ. "ಏನ್ ಮಾಡಬೇಕು ಈಗ?"

"ಮೊದಲ ಶುದ್ಧ ಆಕ್ಸಿಜನ್ ಹಚ್ಚರಿ. ಚೀಲ ಇರೂ ಮಾಸ್ಕು, ನಿಮಿಷಕ್ಕ ಹದಿನೈದು ಲೀಟರ್. ಅವ ಸಾರಜನಕ ಉಸಿರಾಡಬಾರ್ದು. ಅಂದ್ರನ ಒಳಗಿಂದು ಹೊರಗ ಬರತೈತಿ."

ಡೈವಿಂಗ್ ಅಪಘಾತಗಳಿಗೆಂದು ಇರುವ ವೈದ್ಯರೊಬ್ಬರ ನಂಬರು ಉಜ್ವಲಾಳ ಬಳಿ ಇತ್ತು. ಫೋನಿನಲ್ಲಿ ಅವರು ಡಾಕ್ಟರ್ ಅಕ್ಷತಾಳ ಜೊತೆ ಹತ್ತು ನಿಮಿಷ ಮಾತಾಡಿದರು. ಚಪ್ಪಟೆ ಮಲಗಿಸಿ, ಸಲಾಯಿನ್ ಏರಿಸಿ, ಉಚ್ಚೆಗೆ ನಳಿಕೆ ಹಾಕಿ. ಗುಣವಾಗಬೇಕಾದರೆ ಒತ್ತಡದ ಕೋಣೆಗೆ ಹಾಕಲೇಬೇಕು. ಮನುಷ್ಯನನ್ನು ಒಳಗಿಟ್ಟು, ಬಾಗಿಲು ಬಿಗಿದು, ನೀರೊಳಗೆ ಇಳಿಸಿದಷ್ಟೇ ಒತ್ತಡ ಕೊಟ್ಟು, ತಾಸುಗಟ್ಟಲೆ ಮೆಲ್ಲಗೆ ಮೇಲೆ ತರುವ ಕಬ್ಬಿಣದ ಕೋಣೆ ಅದು. ಅವರು ವಿಚಾರಿಸಿದ್ದರಲ್ಲಿ ಇವತ್ತೇ ತೆಗೆದುಕೊಳ್ಳಲು ಒಪ್ಪಿದ್ದು ಕರಾವಳಿಯಲ್ಲಿದ್ದ ನೌಕಾಪಡೆಯ ಆಸ್ಪತ್ರೆಯೊಂದೇ. ರಸ್ತೆ ಮುನ್ನೂರು ಕಿಲೋಮೀಟರ್ ಮೇಲೆ.

ಅಷ್ಟರಲ್ಲಿ ಬಸಗೊಂಡಪ್ಪ ಬಂದಿದ್ದರು. ಓಣಿಯ ಹಿರಿಯರು, ಸೋಮಲಿಂಗನಿಗೆ ಅಣ್ಣನಿದ್ದಂತೆ. ಹಿಂದಿನ ದಿನ ಕಸ್ತೂರೆವ್ವನನ್ನು ತಮ್ಮ ಗಾಡಿಯಲ್ಲೇ ತಂದು ಹಾಕಿದ್ದರು.

"ಎರಡು ತಾಸಿನ್ಯಾಗ ಮೀರಜ," ಎಂದರು. "ನರದ ಡಾಕ್ಟರ್ ನನ್ನ ಗುರುತಿನವ್ರು ಅದಾರ. ಈಗ ಹೊಂಟ್ರ ಹತ್ತಕ್ಕ ಟೇಬಲ್ ಮ್ಯಾಲ. ಮುನ್ನೂರು ಕಿಲೋಮೀಟರ್ ಅಂದ್ರ ಏನು?"

"ಕಾಕಾ, ಮೀರಜದಾಗ ಆ ಕ್ವಾಣಿ ಐತೋ ಇಲ್ಲೋ, ನನಗ ಗೊತ್ತಿಲ್ಲ. ಇಲ್ಲಿ ತಗೋತೇವಿ ಅಂದಾರ. ಕೊಯ್ಯೂ ಕೆಲಸ ಅಲ್ರಿ ಇದು. ಒತ್ತೂ ಕೆಲಸ."

"ಸಮುದ್ರಕ್ಕ ಹೋಗೇ ಹಿಂಗಾತು. ಮತ್ತ ಅಲ್ಲಿಗೇ ಒಯ್ತೀನಿ ಅಂತೀ?"

"ಹೂಂ ರೀ. ಅಲ್ಲಿಗೇ."

ಬಸಗೊಂಡಪ್ಪ ಸೋಮಲಿಂಗನ ಕಡೆ ತಿರುಗಿದರು. "ನೀ ಹೇಳಪಾ. ಮಗ ನಿಂದು."

ಸೋಮಲಿಂಗ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಿದ್ದ. ಯಾರ ಮುಖವನ್ನೂ ನೋಡದೆ ಕೇಳಿದ. "ಉಜ್ವಲಾ, ನಿನಗ ಇದು ಗೊತ್ತಿತ್ತಲ್ಲ? ಹಿಂಗಾಗತೈತಿ ಅಂತ?"

"ಗೊತ್ತಿತ್ತಪ್ಪಾ."

"ಹಂಗಾರ ಮುಂದಿಂದೂ ಆಕಿಗೇ ಗೊತ್ತಿರತೈತಿ," ಎಂದ ಸೋಮಲಿಂಗ. "ಆಕಿ ಹೇಳಿದಲ್ಲಿ ಒಯ್ರಿ."

ಇನ್ನು ಉಳಿದದ್ದು ಆಕ್ಸಿಜನ್. ಆಂಬುಲೆನ್ಸಿನಲ್ಲಿದ್ದ ಎರಡು ಸಣ್ಣ ಸಿಲಿಂಡರು ಒಂದೊಂದು ಸಾವಿರದೈನೂರು ಲೀಟರಿನವು. ನಿಮಿಷಕ್ಕೆ ಹದಿನೈದರಂತೆ ಎರಡೂ ಸೇರಿ ಮೂರು ತಾಸು ಇಪ್ಪತ್ತು ನಿಮಿಷ. ದಾರಿ ಏಳೂವರೆ ತಾಸಿನದು. ದವಾಖಾನೆಯ ದೊಡ್ಡ ಸಿಲಿಂಡರುಗಳನ್ನು ಕೊಡುವಂತಿರಲಿಲ್ಲ, ಮೇಲಿನ ಮಹಡಿಯಲ್ಲಿ ಐದು ರೋಗಿಗಳು ಅವುಗಳಿಂದಲೇ ಉಸಿರಾಡುತ್ತಿದ್ದರು. ಅವರಲ್ಲಿ ಕಸ್ತೂರೆವ್ವನೂ ಒಬ್ಬಳು. ಉಜ್ವಲಾ ಕಾಗದದ ಮೇಲೆ ಗುಣಿಸುತ್ತಾ ನಿಂತಿದ್ದನ್ನು ಬಸಗೊಂಡಪ್ಪ ಇಣುಕಿ ನೋಡಿದರು.

"ಕೊರೊನಾದಾಗ ಓಣ್ಯಾವ್ರು ಕೂಡಿ ತಂದಿದ್ದ ಜಂಬೋ ಸಿಲಿಂಡರ್ ನನ್ನ ಗೋಡೌನಿನ್ಯಾಗ ಎರಡ ಅದಾವು. ವರ್ಷಾ ತುಂಬಸತೇವಿ. ಒಂದು ತುಂಬೇ ಇರಬೇಕು," ಎಂದರು. ಮೀರಜದ ಮಾತನ್ನು ಮತ್ತೆ ಎತ್ತಲಿಲ್ಲ. ಬನಹಟ್ಟಿಗೆ ಅವರೇ ಗಾಡಿ ಓಡಿಸಿಕೊಂಡು ಹೋದರು.

ಅವರು ಬರುವವರೆಗೆ ಉಜ್ವಲಾ ಮೇಲೆ ಹೋದಳು. ಕಸ್ತೂರೆವ್ವ ಮಲಗಿದ್ದಲ್ಲಿಂದಲೇ ಕೈ ಚಾಚಿದಳು. ದನಿ ಸಣ್ಣದಾಗಿತ್ತು.

"ರಾತ್ರೆಲ್ಲಾ ಬಸ್ಸಿನ್ಯಾಗ ಬಂದ್ರೇನು? ವೀರು ಎಲ್ಲಿ?"

"ಕೆಳಗ ಚಾ ಕುಡ್ಯಾಕತ್ತಾನ ಬೇ. ಒಮ್ಮಿಗೆ ಒಬ್ಬರನ್ನ ಬಿಡತಾರ."

"ಮುಖ ಯಾಕ ಹಂಗಾಗೈತಿ ನಿಂದು? ನಾ ಸಾಯೂದಿಲ್ಲ ಈಗ."

ಉಜ್ವಲಾ ತಾಯಿಯ ಕಾಲು ಮುಟ್ಟಿದಳು. ಹೊದಿಕೆಯ ಮೇಲಿಂದ ಮುಟ್ಟಿದರೂ ಕಸ್ತೂರೆವ್ವ ಕಚಗುಳಿಗೆ ಪಾದ ಎಳೆದುಕೊಂಡಳು. ಉಜ್ವಲಾ ಅಲ್ಲಿ ನಿಲ್ಲಲಾರದೆ ಹೊರಗೆ ಬಂದಳು.

ಒಂದು ಜಂಬೋ ತುಂಬಿತ್ತು, ಏಳು ಸಾವಿರ ಲೀಟರು. ಇನ್ನೊಂದು ಖಾಲಿ. ಹತ್ತೂಕಾಲಿಗೆ ಆಂಬುಲೆನ್ಸು ಹೊರಟಿತು. ಚಾಲಕ ಗಂಗಾರಾಮ ಹುನ್ನೂರಿನವನು, ಐವತ್ತರ ಆಸುಪಾಸು. ಬೆಳಗಾವಿ ದಾಟಿ ಇಳಿದರೆ ಹತ್ತಿರವಲ್ಲವೇ ಎಂದು ಕೇಳಿದ.

"ಆ ಘಟ್ಟ ಎಂಟನೂರು ಮೀಟರ್ ಐತ್ರಿ ಅಣ್ಣಾ. ಹುಬ್ಬಳ್ಳಿ, ಯಲ್ಲಾಪುರದ ಮ್ಯಾಲ ಹೋಗೂಣು. ದೂರ ಆದ್ರೂ ತಗ್ಗಿನ ದಾರಿ ಅದು."

ಅವನು ಆ ಕಡೆಗೇ ಗಾಡಿ ತಿರುಗಿಸಿದ. ಲೋಕಾಪುರದವರೆಗೆ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಪ್ರತಿಯೊಂದರ ಹಿಂದೆಯೂ ಸೈರನ್ನು ಕೂಗಿಸಿ, ಕಾದು, ಸಂದಿಯಲ್ಲಿ ನುಗ್ಗಿದ. ಉಜ್ವಲಾ ಮೀಟರಿನ ಮುಳ್ಳನ್ನು ನೋಡುತ್ತಾ ಕೂತಳು. ಹತ್ತು ನಿಮಿಷಕ್ಕೊಮ್ಮೆ ತಮ್ಮನ ಹೊಟ್ಟೆಯ ಮೇಲೆ ಪಿನ್ನು ಇಡುತ್ತಿದ್ದಳು. ಜೋಮಿನ ಗೆರೆ ಮೇಲಕ್ಕೆ ಹೋಗುತ್ತಿದೆಯೋ ಎಂದು. ನವಲಗುಂದ ದಾಟುವಾಗ ಗೆರೆ ಎರಡು ಬೆರಳು ಮೇಲೆ ಬಂದಿತ್ತು. ಹುಬ್ಬಳ್ಳಿಯಲ್ಲಿ ಅಲ್ಲೇ ನಿಂತಿತ್ತು.

ಮುಳ್ಳು ಲೆಕ್ಕಕ್ಕಿಂತ ಬೇಗ ಇಳಿಯುತ್ತಿರುವುದು ಕಲಘಟಗಿ ದಾಟಿದ ಮೇಲೆ ಅವಳಿಗೆ ಗೊತ್ತಾಯಿತು. ಇಂಜಿನಿನ ಸದ್ದಿನಲ್ಲಿ ಸೋರುವ ಸದ್ದು ಕೇಳಿರಲಿಲ್ಲ. ಗಾಡಿ ನಿಲ್ಲಿಸಿ ಕಿವಿ ಹಚ್ಚಿದಾಗ ಕೇಳಿತು. ಜಂಬೋದ ಬಾಯಿಗೆ ಕೂರಿಸಿದ ವಾಷರು ಹಳೆಯದಾಗಿ ಬಿರಿದಿತ್ತು. ಸಾವಿರಾರು ಲೀಟರ್ ರಸ್ತೆಯಲ್ಲಿ ಹೋಗಿತ್ತು. ಗಂಗಾರಾಮ ಸ್ಪ್ಯಾನರ್ ಹಾಕಿ ಬಿಗಿದ. ಕಡಿಮೆಯಾಯಿತು, ನಿಲ್ಲಲಿಲ್ಲ. ಅವಳು ವಾಲ್ವಿನ ಮೇಲೆ ಅಂಗೈ ಒತ್ತಿ ಕೂತಳು, ಕೈಯಿಂದ ಅದನ್ನು ತಡೆಯಲಾಗದೆಂದು ಗೊತ್ತಿದ್ದೂ.

ಯಲ್ಲಾಪುರದ ಹತ್ತಿರ ವೀರೇಶ ಮಾಸ್ಕು ಎತ್ತಿದ.

"ಹಚ್ಕೋ ಅದನ್ನ."

"ಒಂದ್ ಮಾತ ಅಕ್ಕಾ. ನಿನ್ನೆ ಊಟದ ಹೊತ್ತಿಗೇ ಎಡಭುಜ ನೋಯಾಕತ್ತಿತ್ತು. ಸಿಲಿಂಡರ್ ಎತ್ತಿದ್ದಕ್ಕ ಅಂದ್ಕೊಂಡೆ. ನೀ ಕೇಳಿದಾಗ ಅಲ್ಲ ಅಂತ ಗೊತ್ತಾಗಿತ್ತು. ಹೇಳಿದ್ರ ನೀ ಬಿಡತಿದ್ದಿಲ್ಲ."

ಅವಳು ಮಾಸ್ಕನ್ನು ಅವನ ಮೂಗಿಗೆ ಒತ್ತಿ ಪಟ್ಟಿ ಬಿಗಿದಳು. ಸಿಟ್ಟು ಬಂತು, ಹೊಡೆಯಬೇಕೆನ್ನುವಷ್ಟು. ಅದು ಹೋದ ಮೇಲೆ ಉಳಿದದ್ದು ಇನ್ನೂ ಕೆಟ್ಟದಾಗಿತ್ತು. ಅವನು ಸುಳ್ಳು ಹೇಳಿದ್ದ, ಸರಿ. ಆದರೆ ಆ ಸುಳ್ಳನ್ನು ನಂಬುವುದು ಅವಳಿಗೂ ಬೇಕಾಗಿತ್ತು. ಅಂಗಿ ಬಿಚ್ಚು, ತೋಳು ಎತ್ತು, ಒಂಟಿಗಾಲಲ್ಲಿ ನಿಲ್ಲು ಎಂದು ಬೇರೆಯವರಿಗೆ ಹೇಳುತ್ತಿದ್ದುದನ್ನು ಅವನಿಗೆ ಹೇಳಿರಲಿಲ್ಲ.

ಘಟ್ಟದ ಇಳಿಜಾರು ಶುರುವಾದಾಗ ಜಂಬೋ ಮುಗಿಯಿತು. ಸಣ್ಣ ಸಿಲಿಂಡರು ಹಚ್ಚಿದಳು. ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತು ಮುಕ್ಕಾಲು ತಾಸು ಕೆಡಿಸಿತು. ಗಂಗಾರಾಮ ಇಳಿದುಹೋಗಿ, ಕೈಮುಗಿದು, ಬೈದು, ಬಂಡಿಗಳನ್ನು ಒಂದೊಂದಾಗಿ ಹಿಂದೆ ಸರಿಸಿ ದಾರಿ ಮಾಡಿದ. ಎರಡನೆಯ ಸಣ್ಣ ಸಿಲಿಂಡರು ಖಾಲಿಯಾದದ್ದು ಆಸ್ಪತ್ರೆಗೆ ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ. ಮಾಸ್ಕಿನ ಚೀಲ ಬತ್ತಿ ಅಂಟಿಕೊಂಡಿತು. ಅವಳು ಮಾಸ್ಕು ತೆಗೆದಳು. ಇನ್ನು ಅವನು ಎಲ್ಲರ ಹಾಗೆ ಸಾಮಾನ್ಯ ಗಾಳಿಯನ್ನೇ ಉಸಿರಾಡಬೇಕು.

"ಮುಗೀತೇನು?" ಎಂದ ವೀರೇಶ.

"ಬಂತು ಊರು," ಎಂದಳು. ಅವನ ಕೈ ಹಿಡಿದುಕೊಂಡಳು, ಅವನು ಬಿಡಿಸಿಕೊಳ್ಳಲಿಲ್ಲ.

ಕಬ್ಬಿಣದ ಬಾಗಿಲು ಮುಚ್ಚಿದ್ದು ಸಂಜೆ ಏಳಕ್ಕೆ. ನೀರಿನಿಂದ ಎದ್ದು ಮೂವತ್ತೊಂದು ತಾಸಿನ ಮೇಲೆ. ದುಂಡನೆಯ ದಪ್ಪ ಗಾಜಿನ ಕಿಂಡಿಯಲ್ಲಿ ಅವನ ತಲೆ ಕಾಣುತ್ತಿತ್ತು. ಹದಿನೆಂಟು ಮೀಟರ್ ಆಳದ ಒತ್ತಡಕ್ಕೆ ಅವನನ್ನು ಮತ್ತೆ ಇಳಿಸಿದರು. ಕುಗ್ಗಿದ ಗುಳ್ಳೆ ಮತ್ತೆ ರಕ್ತದಲ್ಲಿ ಕರಗಲಿ ಎಂದು. ಆಕ್ಸಿಜನ್ ಕೊಡುತ್ತಾ, ನಡುನಡುವೆ ಬಿಡುತ್ತಾ, ಐದು ತಾಸಿನ ಮೇಲೆ ಹೊರಗೆ ತಂದರು. ಆ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಬಲಗಾಲಿನ ಹೆಬ್ಬೆರಳು ಅಲುಗಿತು. ಹದಿಮೂರು ಸಲ ಒಳಗೆ ಹೋಗಿ ಬಂದ. ತಡವಾಗಿ ಬಂದಿರಿ, ಇಷ್ಟಾದರೂ ಬಂದದ್ದು ದಾರಿಯುದ್ದಕ್ಕೂ ಕೊಟ್ಟ ಆಕ್ಸಿಜನ್‌ನಿಂದಲೇ ಇರಬೇಕು ಎಂದು ಅಲ್ಲಿಯ ವೈದ್ಯರು ಹೇಳಿದರು.

ಮಾರ್ಚಿನಲ್ಲಿ ಅವನು ವಾಕರ್ ಹಿಡಿದು ಬನಹಟ್ಟಿಯ ಮನೆ ಹೊಕ್ಕ. ಅಲ್ಲಿಯವರೆಗೆ ಕಸ್ತೂರೆವ್ವನಿಗೆ ದೋಣಿಯಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿದ್ದರು. ಅವಳು ಮಗನ ಕಾಲನ್ನೂ ಸೊಂಟಕ್ಕೆ ಕಟ್ಟಿದ ಉಚ್ಚೆಯ ಚೀಲವನ್ನೂ ನೋಡಿ, ಮಗ್ಗ ನಿಲ್ಲಿಸಲು ಹೇಳಿದಳು. ನಾಲ್ಕೂ ನಿಂತವು. ಆ ಮನೆಯಲ್ಲಿ ಮೆಲ್ಲನೆಯ ಮಾತು ಕೇಳಿಸಿದ್ದು ಆಗ.

"ಬಿದ್ದ ಪೆಟ್ಟಲ್ಲ ಇದು. ಯಾರ ಹೇಳತೀರಿ?"

ಉಜ್ವಲಾ ಹೇಳಿದಳು. ಆಳ, ನಿಲ್ಲದೆ ಬಂದದ್ದು, ಫೋನು, ಹದಿನೆಂಟು ತಾಸು, ತಾನು ಆಡಿದ "ನಡಿ". ವೀರೇಶ ನಡುವೆ ಬಾಯಿ ಹಾಕಿ ಭುಜದ ನೋವು ಮುಚ್ಚಿಟ್ಟದ್ದನ್ನು ಹೇಳಿದ. ಕಸ್ತೂರೆವ್ವ ಅವನತ್ತ ನೋಡಲಿಲ್ಲ.

"ಅವ್ವ ಸಾಯಾಕತ್ತಿದ್ರೂ ನೀ ಬರಬ್ಯಾಡ ಅಂತ ತಮ್ಮಗ ಹೇಳಾಕ ಬಾಯಿ ಬರಲಿಲ್ಲೇನು ನಿನಗ?" ಎಂದಳು ಮಗಳಿಗೆ. "ನಾ ಸತ್ತರ ಸಾಯತಿದ್ನಿ. ಮಣ್ಣಿಗೆ ಬರಲಿಲ್ಲ ಅಂತ ನಾ ಎದ್ದು ಬಂದು ಬೈತಿದ್ನೇನು?"

ಹನ್ನೊಂದು ದಿನ ಅವಳು ಉಜ್ವಲಾಳ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ಅವಳ ಕೈಗೆ ರೊಟ್ಟಿಯ ತಾಟು ಕೊಟ್ಟು, ವೀರೂಗೆ ಕೊಡು ಎಂದಳು. ಕ್ಷಮಿಸಿದಳೋ ಇಲ್ಲವೋ ಉಜ್ವಲಾಳಿಗೆ ಇವತ್ತಿಗೂ ಗೊತ್ತಿಲ್ಲ.

ಒಂದೂವರೆ ವರ್ಷ ಅವಳು ಮನೆಯಲ್ಲೇ ಇದ್ದು ತಮ್ಮನ ಮಗ್ಗ ನಡೆಸಿದಳು. ಚೀಲ ನಾಲ್ಕು ತಿಂಗಳಿಗೆ ಹೋಯಿತು, ವಾಕರ್ ಎಂಟಕ್ಕೆ. ಎಡಗಾಲು ಇನ್ನೂ ಎಳೆಯುತ್ತದೆ. ಅವನು ಈಗ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾನೆ. ನಿಂತು ಮಗ್ಗ ನೋಡುವ ಕೆಲಸಕ್ಕೆ ಆಳು ಇಟ್ಟಿದ್ದಾನೆ. ಮತ್ತೆ ಸಮುದ್ರಕ್ಕೆ ಹೋಗು ಎಂದು ಅವಳನ್ನು ಕಳಿಸಿದವನು ಅವನೇ. "ಇಲ್ಲಿ ಕುಂತು ದಿನಾ ನನ್ನ ಕಾಲ ನೋಡಬ್ಯಾಡ," ಎಂದಿದ್ದ.

ಕಳೆದ ಚಳಿಗಾಲ ಬೀಳಗಿಯ ರಾಚಪ್ಪನೆಂಬ ಕಾಳಿನ ವ್ಯಾಪಾರಿ ಗೆಳೆಯರೊಂದಿಗೆ ಅವಳ ಶಾಲೆಗೆ ಬಂದಿದ್ದ. ಎರಡು ಸಲ ಇಳಿದು ದಡಕ್ಕೆ ಬಂದ ಮೂರು ತಾಸಿಗೆ, ತಂದೆ ತೀರಿಕೊಂಡರೆಂದು ಅವನಿಗೆ ಫೋನ್ ಬಂತು. ಮರುದಿನ ಬೆಳಿಗ್ಗೆ ಮಣ್ಣು. ಉಜ್ವಲಾ ಕಾರಿನ ಬಾಗಿಲಿಗೆ ಅಡ್ಡ ನಿಂತಳು. ಅವನು ಬೇಡಿದ, ಬೈದ, ಅವಳನ್ನು ತಳ್ಳಿದ. ಕೊನೆಗೆ ಅವಳು ವೀರೇಶನಿಗೆ ಫೋನ್ ಹಚ್ಚಿ ರಾಚಪ್ಪನ ಕೈಗೆ ಕೊಟ್ಟಳು. ವೀರೇಶ ಏನು ಹೇಳಿದನೋ, ರಾಚಪ್ಪ ಫೋನ್ ವಾಪಸು ಕೊಟ್ಟು ಮರಳಿನ ಮೇಲೆ ಕುಸಿದು ಕೂತ.

ಹದಿನೆಂಟು ತಾಸು ಅವಳು ಅವನಿಂದ ಸ್ವಲ್ಪ ದೂರದಲ್ಲಿ ಕೂತಿದ್ದಳು. ತಂದೆಯನ್ನು ಮಣ್ಣು ಮಾಡುವುದನ್ನು ಅವನು ಮೊಬೈಲಿನಲ್ಲಿ ನೋಡಿದ. ಅವನ ಮೈಯಲ್ಲಿ ನೋವಿರಲಿಲ್ಲ, ಜೋಮಿರಲಿಲ್ಲ. ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಅದನ್ನು ತಿಳಿಯುವ ದಾರಿ ಅವನಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಹೊತ್ತು ಮುಗಿದಾಗ ಅವನು ಎದ್ದು ಕಾರು ಹತ್ತಿದ.

"ನಮ್ಮಪ್ಪನ ಮುಖ ನಾ ನೋಡಲಿಲ್ಲ," ಎಂದ. "ಇದು ನಿಮ್ಮ ಮ್ಯಾಲ ಇರಲಿ."

"ಇರಲಿ ರೀ," ಎಂದಳು ಉಜ್ವಲಾ.